ಮಂಜುಗಡ್ಡೆ ಒಡೆದ ಕೆರೆಯಲ್ಲಿ ವಾಲೈ ಮೀನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದ ಮೇಲೆ ಬಂದಿವೆ. ಅಮೆರಿಕದ ಮಿನ್ನೆಸೋಟ ಮತ್ತು ಅದರ ಆಚೀಚೆ ನೆಲೆಸಿರುವ ಕನ್ನಡಿಗರು, ಚಳಿಗಾಲದ ಮಂಜುಗಡ್ಡೆ ಹೋದ ಮೇಲೆ ವಾಲೈ ಮೀನಿಗೆ ಗಾಳ ಹಾಕುವ ಬಗ್ಗೆ ಕೇಳಿದ್ದಾರೆ. ವಾಲೈ ಮಿನ್ನೆಸೋಟದ ರಾಜ್ಯಮೀನು. ಗಡಿ ದಾಟಿದರೆ ಕೆನಡಾದ ಹಲವರು ಇದನ್ನೇ ಪಿಕೆರೆಲ್ ಅನ್ನುತ್ತಾರೆ, ಅಲ್ಲಿನ ಮೂಲನಿವಾಸಿ ಒಜಿಬ್ವೆ ಜನರ ಬಾಯಲ್ಲಿ ಅದು ಓಗಾ. ಹೆಸರು ಯಾವುದಾದರೂ ಮೀನು ಒಂದೇ.

ಪ್ರಶ್ನೆ: ನಮ್ಮ ಮನೆ ಹತ್ತಿರದ ಕೆರೆಯ ಮಂಜುಗಡ್ಡೆ ಏಪ್ರಿಲ್ ಮೊದಲ ವಾರದಲ್ಲೇ ಕರಗಿತು. ಆದರೂ ಮೇ ತಿಂಗಳವರೆಗೆ ವಾಲೈ ಹಿಡಿಯುವಂತಿಲ್ಲ ಎನ್ನುತ್ತಾರೆ. ಯಾಕೆ? (ರೋಚೆಸ್ಟರ್‌ನ ಓದುಗರು)

ಮಂಜುಗಡ್ಡೆ ಹೋದ ಕೂಡಲೇ ವಾಲೈ ಮೊಟ್ಟೆ ಇಡಲು ಹೊರಡುತ್ತದೆ. ನೀರಿನ ತಾಪ 5.5ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವಾಗ, ರಾತ್ರಿ ಹೊತ್ತು, ಒಂದೆರಡು ಅಡಿಯಿಂದ ಐದಾರು ಅಡಿ ಆಳದ ಜಲ್ಲಿಕಲ್ಲಿನ ದಡಕ್ಕೋ ಹರಿಯುವ ಹೊಳೆಗೋ ಗುಂಪಾಗಿ ಬರುತ್ತದೆ. ಆಗ ಗಾಳ ಹಾಕಿದರೆ ಮೊಟ್ಟೆ ತುಂಬಿದ ದೊಡ್ಡ ಹೆಣ್ಣುಗಳನ್ನೇ ಸಾಲಾಗಿ ಎತ್ತಿದಂತೆ. ಅದಕ್ಕೇ ಒಳನಾಡಿನ ಕೆರೆಗಳಲ್ಲಿ ಫೆಬ್ರವರಿಯ ಕೊನೆಯ ಭಾನುವಾರ ಹಂಗಾಮು ಮುಗಿದು, ಮೆಮೋರಿಯಲ್ ಡೇ (ಮೇ ತಿಂಗಳ ಕೊನೆಯ ಸೋಮವಾರದ ರಜೆ) ವಾರಾಂತ್ಯದ ಶನಿವಾರಕ್ಕೆ ಎರಡು ವಾರ ಮೊದಲಿನ ಶನಿವಾರ ಮತ್ತೆ ತೆರೆಯುತ್ತದೆ. 2024ರಲ್ಲಿ ಅದು ಮೇ 11, 2025ರಲ್ಲಿ ಮೇ 10. ಅಲ್ಲಿಯವರೆಗೆ ಕೈ ಸುಮ್ಮನಿರದಿದ್ದರೆ ಕ್ರಾಪಿ, ಸನ್‌ಫಿಶ್ ಇವೆ. ಅವಕ್ಕೆ ಹಂಗಾಮಿನ ತಡೆ ಇಲ್ಲ. ಅವಕ್ಕೆ ಹಾಕಿದ ಗಾಳಕ್ಕೆ ವಾಲೈ ಸಿಕ್ಕರೆ ಫೋಟೋಕ್ಕೂ ನಿಲ್ಲಿಸದೆ ನೀರಿಗೆ ಬಿಡಿ. ಮತ್ತೊಂದು ಮಾತು: 16 ವರ್ಷ ತುಂಬಿದವರಿಗೆ ಪರವಾನಗಿ ಬೇಕು.

ಪ್ರಶ್ನೆ: ಹಂಗಾಮಿನ ಮೊದಲ ದಿನ ಇಷ್ಟು ದೊಡ್ಡ ಕೆರೆಯಲ್ಲಿ ಮೀನನ್ನು ಎಲ್ಲಿ ಹುಡುಕುವುದು? ಕಳೆದ ವರ್ಷ ಆಳದಲ್ಲಿ ಇಡೀ ದಿನ ಕೂತೆವು, ಒಂದೂ ಸಿಗಲಿಲ್ಲ. (ಸೇಂಟ್ ಕ್ಲೌಡ್‌ನ ಓದುಗರು)

ತಪ್ಪಾದದ್ದೇ ಆಳದಲ್ಲಿ. ದೋಣಿಯಲ್ಲಿ ಬೇರೆ ಏನಿಲ್ಲದಿದ್ದರೂ ಒಂದು ಥರ್ಮಾಮೀಟರ್ ಇರಲಿ. ಮೇ ತಿಂಗಳಲ್ಲಿ ಅದರ ಮಾತಿನಂತೆ ನಡೆದವರಿಗೆ ಮೀನು ಸಿಗುತ್ತದೆ, ಕ್ಯಾಲೆಂಡರ್ ನೋಡಿ ನಡೆದವರಿಗೆ ಸಿಗುವುದು ಅದೃಷ್ಟ.

ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಮಂಜುಗಡ್ಡೆ ಹೋದ ಮೇಲೆ ಮೇಲಿನ ನೀರು 4 ಡಿಗ್ರಿಗೆ ಬಂದು ಕೆಳಗಿಳಿಯುತ್ತದೆ, ಗಾಳಿ ಇಡೀ ಕೆರೆಯನ್ನು ಕದಡುತ್ತದೆ. ಕೆಲವು ದಿನ ತಳದಿಂದ ಮೇಲಿನವರೆಗೆ ಒಂದೇ ತಾಪ. ಆಮೇಲೆ ಬಿಸಿಲಿಗೆ ಮೊದಲು ಕಾಯುವುದು ಆಳವಿಲ್ಲದ ಜಾಗಗಳು: ಕಪ್ಪು ಕೆಸರಿನ ತಳವಿರುವ ಸಣ್ಣ ಕೊಲ್ಲಿಗಳು, ಬಡಗಣ ಗಾಳಿಗೆ ಮರೆಯಾಗಿ ಬಿಸಿಲಿಗೆ ಒಡ್ಡಿಕೊಂಡ ಉತ್ತರದ ದಡ, ಹೊಳೆ ಬಂದು ಸೇರುವ ಬಾಯಿ. ಅಲ್ಲಿ ಒಂದು ಡಿಗ್ರಿ ಹೆಚ್ಚಿದ್ದರೂ ಸಾಕು, ಸಣ್ಣ ಮೀನುಗಳು ಬಂದು ಸೇರುತ್ತವೆ, ಅವುಗಳ ಹಿಂದೆಯೇ ವಾಲೈ.

ಹಾಗಾಗಿ ಮೊದಲ ವಾರ ಹುಡುಕಬೇಕಾದದ್ದು 5ರಿಂದ 12 ಅಡಿ ಆಳದಲ್ಲಿ. ಮೊಟ್ಟೆ ಇಟ್ಟ ಜಲ್ಲಿ ದಡದಿಂದಲೇ ಶುರು ಮಾಡಿ, ಅದಕ್ಕೆ ತಾಗಿದ ಮೊದಲ ಇಳಿಜಾರು, ಎರಡು ಕೆರೆಗಳನ್ನು ಕೂಡಿಸುವ ಇಕ್ಕಟ್ಟಾದ ನೀರುದಾರಿ, ಮರಳು ತಳದಲ್ಲಿ ಆಗತಾನೆ ಚಿಗುರುತ್ತಿರುವ ಜೊಂಡಿನ ಅಂಚು, ಇವನ್ನು ಒಂದೊಂದಾಗಿ ನೋಡಿ. ಒಂದು ಜಾಗಕ್ಕೆ ಇಪ್ಪತ್ತು ನಿಮಿಷ ಕೊಡಿ. ಕಚ್ಚದಿದ್ದರೆ ಮುಂದಕ್ಕೆ ಹೋಗಿ.

ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ. ಮೊದಲ ದಿನಗಳಲ್ಲಿ ಸಿಗುವುದು ಬಹುಪಾಲು 14ರಿಂದ 18 ಇಂಚಿನ ಗಂಡುಗಳು. ಗಂಡು ಮೊಟ್ಟೆ ಇಡುವ ಜಾಗಕ್ಕೆ ಮೊದಲು ಬಂದು ಕೊನೆಗೆ ಹೋಗುತ್ತದೆ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಸುಸ್ತಾಗಿ ಕೊಂಚ ಆಳಕ್ಕೆ ಸರಿದು, ವಾರ ಎರಡು ವಾರ ಸರಿಯಾಗಿ ತಿನ್ನುವುದಿಲ್ಲ. ದೊಡ್ಡ ಮೀನು ಸಿಗಲಿಲ್ಲ ಎಂದು ಆಗ ಜಾಗ ಬದಲಿಸಬೇಡಿ.

ಗಾಳಿ ಬೀಸುತ್ತಿದ್ದರೆ ಮರೆಯ ದಡಕ್ಕೆ ಓಡುವುದು ಸಹಜ, ಆದರೆ ವಾಲೈ ಇರುವುದು ಅಲೆ ಬಂದು ಬಡಿಯುವ ದಡದಲ್ಲಿ. ಎರಡು ಮೂರು ದಿನ ಒಂದೇ ಕಡೆಯಿಂದ ಬೀಸಿದ ಬೆಚ್ಚನೆ ಗಾಳಿ ಮೇಲಿನ ಬಿಸಿ ನೀರನ್ನು ಆ ದಡಕ್ಕೆ ತಳ್ಳಿರುತ್ತದೆ. ಅಲೆ ಬೆಳಕನ್ನು ಒಡೆಯುತ್ತದೆ, ಸಣ್ಣ ಮೀನುಗಳು ದಿಕ್ಕು ತಪ್ಪುತ್ತವೆ. ದೋಣಿಗೆ ಅಪಾಯವಾಗದಷ್ಟು ಅಲೆ ಇದ್ದರೆ ಅಲ್ಲೇ ಇರಿ. ತಣ್ಣನೆಯ ಬಡಗಣ ಗಾಳಿ ಬಂದು ಆಕಾಶ ತಿಳಿಯಾದ ಮರುದಿನ ಮಾತ್ರ ಮೀನು ಮಂಕಾಗಿರುತ್ತದೆ. ಅಂಥ ದಿನ ನಾಲ್ಕೈದು ಅಡಿ ಹೆಚ್ಚು ಆಳಕ್ಕೆ ಹೋಗಿ, ಎಲ್ಲವನ್ನೂ ನಿಧಾನ ಮಾಡಿ.

ಪ್ರಶ್ನೆ: ಎಲ್ಲರೂ ಜಿಗ್ ಮತ್ತು ಮಿನ್ನೋ ಅನ್ನುತ್ತಾರೆ. ಅಂಗಡಿಯಲ್ಲಿ ನೂರು ತರಹದ ಜಿಗ್ ಇವೆ. ಯಾವುದು ಕೊಳ್ಳಲಿ? ಶೈನರನ್ನು ಮುಳ್ಳಿಗೆ ಹೇಗೆ ಸಿಕ್ಕಿಸಬೇಕು? (ಬೆಮಿಜಿಯ ವಿದ್ಯಾರ್ಥಿ ಓದುಗರು)

ಜಿಗ್ ಎಂದರೆ ತಲೆಯಲ್ಲೇ ಗುಂಡು ಕೂಡಿಸಿದ ಗಾಳದ ಮುಳ್ಳು. ಮಿನ್ನೋ ಎಂದರೆ ಎರೆಯಾಗಿ ಬಳಸುವ ಸಣ್ಣ ಮೀನು, ಶೈನರ್ ಅದರಲ್ಲೊಂದು ಬಗೆ. ಮೂರು ತೂಕ ಸಾಕು. ಆರಡಿ ಒಳಗೆ ಗಾಳಿ ಇಲ್ಲದಿದ್ದರೆ 1/16 ಔನ್ಸ್. ಆರರಿಂದ ಹನ್ನೆರಡು ಅಡಿಗೆ 1/8 ಔನ್ಸ್, ಅಂದರೆ 3.5 ಗ್ರಾಂ. ಮೇ ತಿಂಗಳ ಹೆಚ್ಚಿನ ಕೆಲಸ ಇದರಲ್ಲೇ ಮುಗಿಯುತ್ತದೆ. ಗಾಳಿ ಜೋರಾದರೆ ಅಥವಾ ಹರಿವಿದ್ದರೆ 1/4 ಔನ್ಸ್. ತಳ ಮುಟ್ಟಿದ್ದು ಕೈಗೆ ತಿಳಿಯುವಷ್ಟು ಭಾರ, ಅದಕ್ಕಿಂತ ಒಂದು ಚೂರೂ ಹೆಚ್ಚು ಬೇಡ. ಭಾರದ ಜಿಗ್ ದೊಪ್ಪನೆ ಬೀಳುತ್ತದೆ, ತಣ್ಣೀರಿನಲ್ಲಿ ಮೀನು ಅದನ್ನು ಬೆನ್ನಟ್ಟುವುದಿಲ್ಲ. ಸೀಸದ ಬದಲು ಟಂಗ್‌ಸ್ಟನ್ ಸಿಕ್ಕರೆ ಅದನ್ನೇ ಕೊಳ್ಳಿ. ಕಳೆದುಹೋದ ಸೀಸದ ಗುಂಡು ನುಂಗಿ ಲೂನ್ ಹಕ್ಕಿಗಳು ಸಾಯುತ್ತವೆ.

ಬಣ್ಣದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಚಹಾ ಬಣ್ಣದ ನೀರಿಗೆ ಕಿತ್ತಳೆ, ಚಿನ್ನದ ಬಣ್ಣ, ಗಿಳಿಹಸಿರು. ತಿಳಿ ನೀರಿಗೆ ಬಿಳಿ, ಬೆಳ್ಳಿ, ತಿಳಿನೀಲಿ.

ಕೋಲು ಆರೂವರೆಯಿಂದ ಏಳಡಿ, ತುದಿ ಮೆತ್ತಗಿರುವ ಮೀಡಿಯಂ ಲೈಟ್. 2500 ಅಳತೆಯ ಸ್ಪಿನ್ನಿಂಗ್ ರೀಲ್. ನೂಲು 6 ಪೌಂಡಿನ ಮಾನೋ (ಒಂಟಿ ಎಳೆಯ ನೈಲಾನ್), ಅಥವಾ 10 ಪೌಂಡಿನ ಹೆಣೆದ ನೂಲಿಗೆ ಮುಂದೆ ನಾಲ್ಕಡಿ 8 ಪೌಂಡಿನ ಫ್ಲೋರೋಕಾರ್ಬನ್. ರೀಲಿನ ಬಿಗಿತ ನೂಲಿನ ಶಕ್ತಿಯ ಕಾಲುಭಾಗದಷ್ಟಿರಲಿ. 6 ಪೌಂಡಿನ ನೂಲಾದರೆ ಸುಮಾರು 700 ಗ್ರಾಂ ಎಳೆತಕ್ಕೆ ನೂಲು ಜಾರಬೇಕು. ಸಣ್ಣ ತಕ್ಕಡಿಯ ಕೊಕ್ಕೆಗೆ ಕಟ್ಟಿ ಎಳೆದು ನೋಡಿ.

ಈಗ ಎರೆ. ಸಿಕ್ಕರೆ ಸ್ಪಾಟ್‌ಟೈಲ್ ಶೈನರ್, ಎರಡೂವರೆಯಿಂದ ಮೂರು ಇಂಚಿನದು. ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಇರುತ್ತದೆ, ಗುರುತು ತಪ್ಪುವುದಿಲ್ಲ. ಜಿಗ್‌ನ ಮುಳ್ಳನ್ನು ಶೈನರಿನ ಬಾಯೊಳಗೆ ಹಾಕಿ, ಕಿವಿರಿನ ಸಂದಿಯಿಂದ ಹೊರಗೆ ತೆಗೆಯಿರಿ. ಮುಳ್ಳಿನ ಬಾಗು ಪೂರ್ತಿ ಹೊರಬಂದ ಮೇಲೆ ಅರ್ಧ ಸುತ್ತು ತಿರುಗಿಸಿ. ಈಗ ಮೊನೆಯನ್ನು ಹೊಟ್ಟೆಯ ಕಡೆಯಿಂದ ಚುಚ್ಚಿ, ಬೆನ್ನಿನ ರೆಕ್ಕೆಯ ಸ್ವಲ್ಪ ಮುಂದೆ ಬೆನ್ನ ನಡುಗೆರೆಯಲ್ಲೇ ಹೊರಗೆ ಬರುವಂತೆ ಮಾಡಿ. ಜಿಗ್ಗಿನ ತಲೆ ಶೈನರಿನ ತುಟಿಗೆ ಅಂಟಿಕೊಂಡಿರಬೇಕು, ಮೈ ನೆಟ್ಟಗಿರಬೇಕು. ನೀರಿನಲ್ಲಿ ಪಕ್ಕದಲ್ಲೇ ಎಳೆದು ನೋಡಿ: ಗಿರಗಿರ ತಿರುಗಿದರೆ ಮೊನೆ ನಡುಗೆರೆ ತಪ್ಪಿದೆ ಎಂದರ್ಥ, ತೆಗೆದು ಮತ್ತೆ ಚುಚ್ಚಿ. ತಿರುಗುವ ಎರೆ ನೂಲನ್ನೂ ತಿರುಚುತ್ತದೆ, ವಾಲೈಯನ್ನೂ ಓಡಿಸುತ್ತದೆ. ಫ್ಯಾಟ್‌ಹೆಡ್ ಮಿನ್ನೋ ಆದರೆ ಇಷ್ಟೆಲ್ಲ ಬೇಡ, ಕೆಳತುಟಿಯಿಂದ ಮೇಲ್ತುಟಿಗೆ ಚುಚ್ಚಿದರೆ ಆಯಿತು, ಬಹಳ ಹೊತ್ತು ಜೀವಂತ ಇರುತ್ತದೆ.

ಶೈನರ್ ಬಲು ಸೂಕ್ಷ್ಮ. ಬಿಸಿಲಲ್ಲಿಟ್ಟ ಬಕೆಟ್ಟಿನಲ್ಲಿ ಗಂಟೆಯೊಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ನೀರು ತಣ್ಣಗಿರಲಿ, ಗುಳ್ಳೆ ಬಿಡುವ ಪುಟ್ಟ ಪಂಪ್ ಓಡುತ್ತಿರಲಿ, ಒಂದೇ ಬಕೆಟ್ಟಿಗೆ ಎರಡು ಡಜನ್ನಿಗಿಂತ ಹೆಚ್ಚು ತುಂಬಬೇಡಿ. ನಲ್ಲಿ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ, ಕ್ಲೋರಿನ್ ಕಳೆಯುವ ಹನಿ ಹಾಕಿದ ನೀರನ್ನೇ ಬಳಸಿ. ಸತ್ತವನ್ನು ಎಸೆಯಬೇಡಿ, ತಾಜಾ ಇದ್ದರೆ ಜಿಗ್ಗಿಗೆ ಅವೂ ನಡೆಯುತ್ತವೆ.

ಆಡಿಸುವ ರೀತಿ: ತಳಕ್ಕೆ ಬಿಡಿ. ನೂಲು ಸಡಿಲಾದಾಗ ಕೋಲಿನ ತುದಿಯನ್ನು ಒಂದು ಗೇಣಿಗಿಂತ ಕಡಿಮೆ ಎತ್ತಿ. ನೂಲು ಬಿಗಿಯಾಗಿರುವಂತೆಯೇ ಮೆಲ್ಲಗೆ ಇಳಿಸಿ. ಐದು ಎಣಿಸಿ. ಮತ್ತೆ ಎತ್ತಿ. ಹೆಚ್ಚು ಸಲ ಕಚ್ಚುವುದು ಇಳಿಯುವಾಗ ಅಥವಾ ನಿಂತಿರುವಾಗ. ಅದಕ್ಕೇ ಇಳಿಸುವಾಗ ನೂಲು ಪೂರ್ತಿ ಸಡಿಲು ಬಿಟ್ಟರೆ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ದೋಣಿ ಗಂಟೆಗೆ ಒಂದು ಕಿಲೋಮೀಟರಿಗಿಂತ ವೇಗವಾಗಿ ತೇಲಬಾರದು. ತೇಲಿದರೆ ಜಿಗ್ ಹಿಂದೆ ಬಿದ್ದು, ಮೇಲಕ್ಕೆದ್ದು, ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ನೀರಿಗಿಳಿಸುವ ಬಟ್ಟೆಯ ಚೀಲ, ಡ್ರಿಫ್ಟ್ ಸಾಕ್, ಆಗ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಕಚ್ಚುತ್ತದೆ, ಎಳೆದರೆ ಬರೀ ಮುಳ್ಳು ಬರುತ್ತದೆ. ಶೈನರಿನ ಬಾಲ ಮಾತ್ರ ಮಾಯ. (ಡುಲುತ್‌ನ ಓದುಗರು)

ತಣ್ಣೀರಿನಲ್ಲಿ ವಾಲೈ ಎರೆಯನ್ನು ಹಿಂದಿನಿಂದ ಹಿಡಿದು ಕೆಲಹೊತ್ತು ಹಾಗೇ ಇಟ್ಟುಕೊಳ್ಳುತ್ತದೆ. ಕೈಗೆ ಬರುವುದು ಒಂದು ಟಿಕ್, ಅಥವಾ ಒದ್ದೆ ಎಲೆ ಸಿಕ್ಕಿಕೊಂಡಂಥ ಬರೀ ಭಾರ. ಆಗಲೇ ಜಗ್ಗಿದರೆ ಬಾಯಿಂದ ಕಿತ್ತುಕೊಂಡಂತೆ. ತುದಿಯನ್ನು ಮೀನಿನ ಕಡೆಗೆ ತಗ್ಗಿಸಿ, ಒಂದಡಿ ನೂಲು ಕೊಟ್ಟು, ಎರಡು ಮೂರು ಎಣಿಸಿ. ಸಡಿಲನ್ನು ಸುತ್ತಿಕೊಂಡು, ಭಾರ ಇನ್ನೂ ಇದ್ದರೆ ಕೋಲನ್ನು ಪಕ್ಕಕ್ಕೆ ಉದ್ದವಾಗಿ ಎಳೆಯಿರಿ. ಮೇಲಕ್ಕೆ ಝಟ್ಟನೆ ಎತ್ತುವುದು ಬೇಡ.

ವಾಪಸ್ ಬಂದ ಶೈನರನ್ನು ನೋಡಿ. ಬಾಲದ ಹತ್ತಿರ ಮಾತ್ರ ಪೊರೆ ಕೆರೆದುಹೋಗಿದ್ದರೆ ಎರೆ ಉದ್ದವಾಯಿತು, ಎರಡು ಇಂಚಿನದಕ್ಕೆ ಇಳಿಯಿರಿ ಅಥವಾ ಮೊನೆ ಇನ್ನೂ ಹಿಂದೆ ಬರುವಂತೆ ಚುಚ್ಚಿ. ನಡುಮೈಯಲ್ಲಿ ಎರಡೂ ಕಡೆ ಹಲ್ಲಿನ ಗುರುತು ಇದ್ದರೆ ನಿಮ್ಮ ಮುಳ್ಳು ಮೊಂಡಾಗಿದೆ. ಉಗುರಿನ ಮೇಲೆ ಎಳೆದು ನೋಡಿ, ಜಾರಿದರೆ ಬದಲಿಸಿ.

ಪ್ರಶ್ನೆ: ಜಿಗಣೆ ಬಳಸಬಹುದೇ? (ಅದೇ ಓದುಗರು)

ಮೇ ಕೊನೆಯವರೆಗೆ ಕಾಯಿರಿ. ನೀರು 10 ಡಿಗ್ರಿ ದಾಟುವವರೆಗೆ ಜಿಗಣೆ ಮುಳ್ಳಿನ ಮೇಲೆ ಗೋಲಿಯ ಹಾಗೆ ಸುರುಟಿಕೊಳ್ಳುತ್ತದೆ. ದಾಟಿದ ಮೇಲೆ ಅದರಷ್ಟು ಒಳ್ಳೆಯ ಎರೆ ಬೇರೆ ಇಲ್ಲ, ಹೀರುವ ಅಗಲ ತುದಿಯಲ್ಲಿ ಒಮ್ಮೆ ಚುಚ್ಚಿದರೆ ಸಾಕು.

ಪ್ರಶ್ನೆ: ನಮಗೆ ದೋಣಿ ಇಲ್ಲ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಎಂಟು ವರ್ಷದ ಮಗನಿದ್ದಾನೆ. ದಡದಿಂದ ವಾಲೈ ಸಿಗುತ್ತದೆಯೇ? (ಬ್ಲೂಮಿಂಗ್ಟನ್‌ನ ಓದುಗರು)

ವರ್ಷದಲ್ಲಿ ದಡದವರಿಗೂ ದೋಣಿಯವರಿಗೂ ಸಮಪಾಲು ಸಿಗುವ ಹೊತ್ತೆಂದರೆ ಇದೇ. ಸೇತುವೆಯ ಕೆಳಗೆ, ಕೊಳವೆಯಿಂದ ನೀರು ಕೆರೆಗೆ ಬೀಳುವ ಕಡೆ, ಸಾರ್ವಜನಿಕ ಫಿಶಿಂಗ್ ಪಿಯರ್ (ನೀರಿನೊಳಕ್ಕೆ ಚಾಚಿದ ಕಟ್ಟೆ) ಮೇಲೆ ಸಂಜೆ ಕೂತರೆ ಮೀನು ಇಪ್ಪತ್ತು ಅಡಿ ದೂರಕ್ಕೇ ಬರುತ್ತದೆ. ಕೆಲವು ಹೊಳೆಬಾಯಿಗಳಲ್ಲಿ ಮೀನು ಹಿಡಿಯುವುದಕ್ಕೆ ನಿಷೇಧವಿರುತ್ತದೆ, ಫಲಕ ನೋಡಿಕೊಳ್ಳಿ.

ಮಗುವಿಗೆ ಜಾರುವ ಬೆಂಡು ಒಳ್ಳೆಯದು. ನೂಲಿಗೆ ಮೊದಲು ತಡೆಗಂಟು, ಆಮೇಲೆ ಮಣಿ, ಬೆಂಡು, ಕೊನೆಗೆ 6ನೇ ಅಳತೆಯ ಮುಳ್ಳು. ಮುಳ್ಳಿಗಿಂತ ಒಂದೂವರೆ ಅಡಿ ಮೇಲೆ ಸಣ್ಣ ಗುಂಡು ಕಚ್ಚಿಸಿ. ಶೈನರನ್ನು ಬೆನ್ನಿನ ರೆಕ್ಕೆಯ ಕೆಳಗೆ, ಬೆನ್ನುಮೂಳೆಗೆ ತಾಗದಂತೆ ಸಿಕ್ಕಿಸಿ. ಎರೆ ತಳದಿಂದ ಒಂದಡಿ ಮೇಲೆ ನಿಲ್ಲುವಂತೆ ತಡೆಗಂಟನ್ನು ಸರಿಸಿ. ಬೆಂಡು ಅಡ್ಡ ಮಲಗಿದರೆ ಗುಂಡು ತಳಕ್ಕೆ ತಾಗಿದೆ, ಗಂಟು ಇಳಿಸಿ. ಬೆಂಡು ಮುಳುಗಿದ ಕೂಡಲೇ ಎಳೆಯಬಾರದು ಎಂದು ಮಗುವಿಗೆ ಮೊದಲೇ ಹೇಳಿಕೊಡಿ. ಮೂರು ಎಣಿಸಲಿ. ಒಬ್ಬರಿಗೆ ಒಂದೇ ಗಾಳ, ಮಿನ್ನೆಸೋಟದ ಒಳನಾಡಿನ ತೆರೆದ ನೀರಿಗೆ ಅದೇ ನಿಯಮ. ಅಜ್ಜ ಅಜ್ಜಿ ಗಾಳ ಹಿಡಿದರೆ ಅವರಿಗೂ ಪರವಾನಗಿ ಬೇಕು.

ಮಗನಿಗೆ ಪಿಯರ್ ಮೇಲೂ ಲೈಫ್ ಜಾಕೆಟ್ ಹಾಕಿ. ದೋಣಿ ಸಾಗುವಾಗ 10 ವರ್ಷದೊಳಗಿನವರಿಗೆ ಅದು ಕಡ್ಡಾಯ, ಈ ನೀರಿನಲ್ಲಿ ದೊಡ್ಡವರಿಗೂ ಬೇಕು ಎಂದು ಕೈಮುಗಿದು ಹೇಳುತ್ತೇವೆ. 8 ಡಿಗ್ರಿ ನೀರಿಗೆ ಬಿದ್ದ ಮೊದಲ ನಿಮಿಷ ಉಸಿರು ಸಿಕ್ಕಿ ಏದುಸಿರು ಬರುತ್ತದೆ, ಆಗಲೇ ನೀರು ಕುಡಿದು ಮುಳುಗುತ್ತಾರೆ. ಹತ್ತು ನಿಮಿಷದಲ್ಲಿ ಬೆರಳು ಮಾತು ಕೇಳುವುದಿಲ್ಲ. ಈಜು ಬರುತ್ತದೆ ಎನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

ಪ್ರಶ್ನೆ: ಯಾವ ಹೊತ್ತು ಒಳ್ಳೆಯದು? (ಹಲವರು)

ವಾಲೈ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪದರವಿದೆ. ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುವುದು ಅದಕ್ಕೇ. ಮಬ್ಬಿನಲ್ಲಿ ಬೇಟೆಗೆ ಸಿಗುವ ಸಣ್ಣ ಮೀನಿಗೆ ಕಾಣದಿದ್ದದ್ದು ಇದಕ್ಕೆ ಕಾಣುತ್ತದೆ. ತಿಳಿ ಕೆರೆಯಲ್ಲಿ ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲಿಂದ ಕತ್ತಲಾದ ಎರಡು ಗಂಟೆಯವರೆಗೆ. ಕಂದು ನೀರಿನ ಕೆರೆಯಲ್ಲಿ, ಅಥವಾ ಮೋಡ ಮತ್ತು ಅಲೆ ಇರುವ ದಿನ, ಮಧ್ಯಾಹ್ನವೂ ಕಚ್ಚುತ್ತದೆ.

ಪ್ರಶ್ನೆ: ಮಿಲ್ ಲ್ಯಾಕ್ಸ್ ಕೆರೆಯಲ್ಲಿ ಎಷ್ಟು ಮೀನು ಇಟ್ಟುಕೊಳ್ಳಬಹುದು ಎನ್ನುವುದು ಆಗಾಗ ಬದಲಾಗುತ್ತದಲ್ಲ, ಯಾಕೆ? (ಈಡನ್ ಪ್ರೈರಿಯ ಓದುಗರು)

ಆ ಕೆರೆಯ ಮೀನು ರಾಜ್ಯದ್ದಷ್ಟೇ ಅಲ್ಲ. 1837ರ ಒಪ್ಪಂದದಲ್ಲಿ ಒಜಿಬ್ವೆ ಜನರು ಭೂಮಿ ಬಿಟ್ಟುಕೊಟ್ಟರೂ ಬೇಟೆ ಮತ್ತು ಮೀನಿನ ಹಕ್ಕನ್ನು ಉಳಿಸಿಕೊಂಡರು. ಅಮೆರಿಕದ ಸುಪ್ರೀಂ ಕೋರ್ಟ್ 1999ರಲ್ಲಿ ಅದನ್ನು ಎತ್ತಿಹಿಡಿಯಿತು. ಕೆರೆಯಲ್ಲಿ ಎಷ್ಟು ವಾಲೈ ಇದೆ ಎಂದು ಅಂದಾಜು ಮಾಡಿ, ಸುರಕ್ಷಿತವಾಗಿ ತೆಗೆಯಬಹುದಾದದ್ದನ್ನು ಇಬ್ಬರಿಗೂ ಹಂಚುತ್ತಾರೆ. ಆ ಅಂದಾಜಿನ ಜೊತೆಗೆ ಸಂಖ್ಯೆ ಮತ್ತು ಅಳತೆಯ ಮಿತಿಯೂ ಏರಿಳಿಯುತ್ತದೆ. ಹಳೆಯ ಪುಸ್ತಿಕೆ ನಂಬದೆ ಹೊರಡುವ ಹಿಂದಿನ ರಾತ್ರಿ ಆ ಕೆರೆಯ ನಿಯಮ ಓದಿ.

ಮಿತಿಯನ್ನು ಹಗುರವಾಗಿ ನೋಡಬೇಡಿ. ರೆಡ್ ಲೇಕ್‌ನಲ್ಲಿ ಅತಿಯಾಗಿ ಹಿಡಿದು ವಾಲೈ ಬರಿದಾಗಿ, 1999ರಲ್ಲಿ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಮರಿ ಬಿಟ್ಟು ಕಾದು, ಮತ್ತೆ ತೆರೆದದ್ದು 2006ರಲ್ಲಿ. 20 ಇಂಚು ದಾಟಿದ್ದು ಹೆಚ್ಚಾಗಿ ಹೆಣ್ಣು, ಒಂದು ಸಲಕ್ಕೆ ಲಕ್ಷ ಮೊಟ್ಟೆ ಇಡಬಲ್ಲದು. ಅಂಥದ್ದೊಂದನ್ನು ಇಟ್ಟುಕೊಳ್ಳಲು ನಿಯಮ ಬಿಟ್ಟರೂ ಅದನ್ನು ವಾಪಸ್ ಬಿಡಿ ಎನ್ನುವುದು ನಮ್ಮ ಮಾತು. ಕೈ ಒದ್ದೆ ಮಾಡಿಕೊಂಡು, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಅಡ್ಡವಾಗಿ ಹಿಡಿಯಿರಿ. ಕಿವಿರಿಗೆ ಬೆರಳು ಹಾಕಬೇಡಿ. ಬಾಯಲ್ಲಿ ಚೂಪು ಹಲ್ಲಿವೆ, ಬೆನ್ನ ರೆಕ್ಕೆಯಲ್ಲಿ ಮುಳ್ಳುಗಳಿವೆ.

ಪ್ರಶ್ನೆ: ಮಂಗಳೂರಿನ ಕಾಣೆ ರವಾ ಫ್ರೈ ರುಚಿ ಇದರಲ್ಲಿ ಬರುತ್ತದೆಯೇ? ಮಾಡಿದಾಗ ರವೆಯೆಲ್ಲ ಎಣ್ಣೆಯಲ್ಲಿ ಉದುರಿತು. (ಸೇಂಟ್ ಪಾಲ್‌ನ ಓದುಗರು)

ವಾಲೈ ಮಾಂಸ ಬಿಳಿ, ಹದವಾದ ಪದರು, ಕೆಸರು ವಾಸನೆ ಇಲ್ಲ. ಕಾಣೆಯ ಹತ್ತಿರಕ್ಕೆ ಬರುತ್ತದೆ. ಆದರೆ ಸಿಹಿನೀರಿನ ಮೀನಾದ್ದರಿಂದ ಉಪ್ಪು ಒಂದು ಚಿಟಿಕೆ ಹೆಚ್ಚು ಬೇಕು.

ರವೆ ಉದುರಿದ್ದು ನೀರಿನ ಪಸೆಯಿಂದ. ತುಂಡುಗಳನ್ನು ಬಟ್ಟೆಯಲ್ಲಿ ಒತ್ತಿ ಚೆನ್ನಾಗಿ ಒರೆಸಿ. ಅರ್ಧ ಕಿಲೋ ಮೀನಿಗೆ ಎರಡು ಟೀ ಚಮಚ ಬ್ಯಾಡಗಿ ಮೆಣಸಿನ ಪುಡಿ, ಕಾಲು ಚಮಚ ಅರಿಸಿನ, ಒಂದು ಚಮಚ ಶುಂಠಿ ಬೆಳ್ಳುಳ್ಳಿ, ಉಪ್ಪು, ಗಟ್ಟಿ ಹುಣಸೆ ರಸ ಒಂದು ಚಮಚ, ಎಲ್ಲ ಸೇರಿ ಮೀನಿಗೆ ಅಂಟುವ ಗಟ್ಟಿ ಮಸಾಲೆಯಾಗಬೇಕು. ಇಪ್ಪತ್ತು ನಿಮಿಷ ಸಾಕು. ಕಾಣೆಯ ಹಾಗೆ ಎರಡು ಗಂಟೆ ಹುಳಿಯಲ್ಲಿಟ್ಟರೆ ಇದು ಮೆದುವಾಗಿ ಕಾವಲಿಯ ಮೇಲೆ ಮುರಿಯುತ್ತದೆ. ಮೂರು ಪಾಲು ಚಿರೋಟಿ ರವೆಗೆ ಒಂದು ಪಾಲು ಅಕ್ಕಿಹಿಟ್ಟು ಸೇರಿಸಿ, ಒತ್ತಿ ಹೊರಳಿಸಿ, ಐದು ನಿಮಿಷ ಬಿಟ್ಟು, ಕಾದ ಎಣ್ಣೆಯಲ್ಲಿ ಒಂದೊಂದು ಮಗ್ಗುಲಿಗೆ ಮೂರು ನಿಮಿಷ. ಮಗುಚುವುದು ಒಂದೇ ಸಲ.

ಮುಳ್ಳು ಕಡಿಮೆ. ತುಂಡಿನ ತಲೆಯ ಕಡೆಯಿಂದ ನಡುಗೆರೆಯ ಗುಂಟ ಒಂದು ಸಾಲು ಸಣ್ಣ ಮುಳ್ಳಿರುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ, ಎರಡೂ ಕಡೆ ಕೊಯ್ದು ಪಟ್ಟಿಯಾಗಿ ತೆಗೆಯಿರಿ. ಕೆನ್ನೆಯ ಗುಂಡನೆ ಮಾಂಸವನ್ನು ತಲೆಯ ಜೊತೆ ಬಿಸಾಡಬೇಡಿ, ಇಡೀ ಮೀನಿನಲ್ಲಿ ಅದೇ ರುಚಿ. ಕೆರೆಯ ಬಳಿಯೇ ತುಂಡು ಮಾಡಿ ತರುವುದಾದರೆ ಪ್ರತಿ ತುಂಡಿನ ಮೇಲೂ ಒಂದು ಚದರ ಇಂಚು ಚರ್ಮ ಪೊರೆಯ ಸಮೇತ ಇರಬೇಕು, ಯಾವ ಮೀನೆಂದು ಅಧಿಕಾರಿಗಳಿಗೆ ತಿಳಿಯಲು. ಇನ್ನೊಂದು ಎಚ್ಚರ: ದೊಡ್ಡ ವಾಲೈಗಳಲ್ಲಿ ಪಾದರಸ ಹೆಚ್ಚು. ಗರ್ಭಿಣಿಯರಿಗೆ, ಮಕ್ಕಳಿಗೆ ಸಣ್ಣ ಮೀನನ್ನೇ ಕೊಡಿ, ಅದೂ ತಿಂಗಳಿಗೊಮ್ಮೆ.

ಪ್ರಶ್ನೆ: ಉಳಿದ ಮಿನ್ನೋಗಳನ್ನು ಕೆರೆಗೇ ಬಿಟ್ಟರೆ ಪುಣ್ಯವಲ್ಲವೇ? (ವುಡ್‌ಬರಿಯ ಓದುಗರು)

ಬಿಡಬೇಡಿ, ಅದು ಕಾನೂನಿಗೂ ವಿರುದ್ಧ. ಒಂದು ಬಕೆಟ್ ನೀರಿನಲ್ಲಿ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿಯ ಕಣ್ಣಿಗೆ ಕಾಣದ ಮರಿಗಳು ಇನ್ನೊಂದು ಕೆರೆಗೆ ಹೋಗುತ್ತವೆ. ಮಿಲ್ ಲ್ಯಾಕ್ಸ್‌ನಲ್ಲಿ ಅವು 2005ರಲ್ಲಿ ಕಂಡುಬಂದವು, ಆಮೇಲೆ ಹೋಗಿಲ್ಲ. ಬೇಡವಾದ ಎರೆ ಕಸದ ಬುಟ್ಟಿಗೆ. ಮತ್ತೆ ಬಳಸುವುದಾದರೆ ಕೆರೆಯ ನೀರು ಚೆಲ್ಲಿ, ಮನೆಯಿಂದ ತಂದ ಕ್ಲೋರಿನ್ ಕಳೆದ ನೀರು ತುಂಬಿ. ದೋಣಿ ದಡಕ್ಕೆ ಬಂದ ಮೇಲೆ ಅಡಿಯ ಬಿರಡೆ ತೆಗೆದು ನೀರು ಬಸಿಯಿರಿ, ಟ್ರೇಲರ್‌ಗೆ ಸಿಕ್ಕ ಜೊಂಡು ಕಿತ್ತುಹಾಕಿ, ಬಿರಡೆ ತೆಗೆದೇ ರಸ್ತೆಗೆ ಹೊರಡಿ. ಮುಂದಿನ ಸಲ ದೋಣಿ ಇಳಿಸುವ ಮೊದಲು ಅದನ್ನು ಮತ್ತೆ ಹಾಕಲು ಮರೆಯದಂತೆ ಬಿರಡೆಯನ್ನು ಗಾಡಿಯ ಕೀಲಿಕೈಗೆ ಕಟ್ಟಿಡಿ.